ರಶೀದಿ ಯಾರ ಹೆಸರಿಗೆ?



ಪಾಪ, ಕೃಪೆ, ಪ್ರೀತಿ, ವಿಶ್ವಾಸ – ಈ ನಾಲ್ಕು ಶಬ್ದಗಳಿಲ್ಲದೆ ನಮ್ಮ ಯಾವ ಭಾನುವಾರದ ಆರಾಧನೆಯೂ ಮುಗಿಯುವುದಿಲ್ಲ. ಕೇಳಿ ಕೇಳಿ ಅವು ನಮಗೆ ಎಷ್ಟು ಬಳಕೆಯಾಗಿಬಿಟ್ಟಿವೆಯೆಂದರೆ, ಅವುಗಳ ಅರ್ಥವೇನೆಂದು ಯಾರಾದರೂ ತಡೆದು ನಿಲ್ಲಿಸಿ ಕೇಳಿದರೆ ತಬ್ಬಿಬ್ಬಾಗುತ್ತೇವೆ. ನನಗಂತೂ ಈ ನಾಲ್ಕೂ ಶಬ್ದಗಳ ಅರ್ಥ ತಿಳಿದದ್ದು ಪ್ರಸಂಗದಿಂದಲ್ಲ. ಒಂದು ಮಳೆಗಾಲದ ಬೆಳಿಗ್ಗೆ, ಒಂದು ರಶೀದಿ ಪುಸ್ತಕದ ಮುಂದೆ. ಆ ಸಂಗತಿಯನ್ನು ಮೊದಲು ನಿಮ್ಮ ಮುಂದಿಡುತ್ತೇನೆ.

ನಮ್ಮ ಕರಾವಳಿಯ ಒಂದು ಸಭೆ. ಅದರ ಹೆಸರನ್ನು ಬರೆಯುವುದಿಲ್ಲ; ಬರೆದರೆ ಉಳಿದ ಸಭೆಗಳವರು "ಸದ್ಯ, ನಮ್ಮದಲ್ಲ" ಎಂದು ಸಮಾಧಾನಪಟ್ಟು ಪುಟ ತಿರುವಿಬಿಟ್ಟಾರು. ಮೀನುಗಾರಿಕೆಯ ದೋಣಿಯಲ್ಲಿ ದುಡಿಯುತ್ತಿದ್ದ ಸದಸ್ಯನೊಬ್ಬ ರಾತ್ರಿ ತೀರಿಕೊಂಡಿದ್ದ. ಆತ ಕುಡಿಯುತ್ತಿದ್ದ, ಅದನ್ನು ಮುಚ್ಚಿಡಬೇಕಾಗಿಲ್ಲ, ಊರಿಗೆಲ್ಲ ತಿಳಿದದ್ದೇ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ ಕಾರಣ ಮನೆಯಲ್ಲಿ ಸಂಪಾದನೆಯೂ ಇರಲಿಲ್ಲ. ಮೃತನ ಮಗ, ಹದಿನೇಳರ ಹುಡುಗ, ಸಮಾಧಿ ತೋಡಲು ಅನುಮತಿ ಕೇಳಿ ಬಂದ. ಖಜಾಂಚಿಯವರು ವಂತಿಗೆಯ ಪುಸ್ತಕ ತೆರೆದರು. ಎರಡೂವರೆ ವರ್ಷದ ಬಾಕಿ. "ಮೊದಲು ಇದನ್ನು ಸರಿಮಾಡಿಕೊಳ್ಳಿ ಮಗು, ನಿಯಮ ಎಲ್ಲರಿಗೂ ಒಂದೇ" ಎಂದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಅವರು ಕೆಟ್ಟವರೂ ಅಲ್ಲ. ಸಭೆಯ ಒಂದು ರೂಪಾಯಿಯನ್ನೂ ಲೆಕ್ಕ ತಪ್ಪಿಸಿದವರಲ್ಲ. ಹುಡುಗ ತಲೆ ತಗ್ಗಿಸಿ ಮಳೆಯಲ್ಲೇ ಹೊರಟುಹೋದ.

ಆ ಮೇಜಿನ ಸುತ್ತ ಕುಳಿತಿದ್ದ ಐವರಲ್ಲಿ ನಾನೂ ಒಬ್ಬ. ನಾನು ಬಾಯಿ ತೆರೆಯಲಿಲ್ಲ. ಅಷ್ಟು ಹಣ ಅಂದು ನನ್ನ ಕಿಸೆಯಲ್ಲೇ ಇತ್ತು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಮುಕ್ಕಾಲು ಗಂಟೆಯ ನಂತರ ಹುಡುಗ ಮರಳಿ ಬಂದಾಗ ಅವನೊಂದಿಗೆ ನೆರೆಮನೆಯ ಹೆಂಗಸೊಬ್ಬರಿದ್ದರು. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವರು. ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. ಸೆರಗಿನ ಗಂಟು ಬಿಚ್ಚಿ, ಮುದುಡಿದ ನೋಟುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಎಣಿಸಿಟ್ಟರು. ಖಜಾಂಚಿಯವರು ರಶೀದಿ ಪುಸ್ತಕ ತೆಗೆದು, "ರಶೀದಿ ಯಾರ ಹೆಸರಿಗೆ ಬರೆಯಲಿ?" ಎಂದು ಕೇಳಿದರು. "ಅವರ ಹೆಸರಿಗೇ ಬರೆಯಿರಿ ಸ್ವಾಮಿ, ಸತ್ತವರ ಹೆಸರಿಗೆ. ಅವರದೇನೂ ಬಾಕಿ ಇಲ್ಲ ಅಂತ ಇರಲಿ" ಎಂದು ಆಕೆ ತುಳುವಿನಲ್ಲಿ ಹೇಳಿದರು.

ನಡೆದದ್ದು ಇಷ್ಟೇ. ಬಾಕಿ ಒಬ್ಬನದು, ತೆತ್ತವರು ಇನ್ನೊಬ್ಬರು, ರಶೀದಿ ಬಾಕಿದಾರನ ಹೆಸರಿಗೆ. ಪ್ರಿಯ ಓದುಗರೇ, ಕಲ್ವಾರಿಯ ಮೇಲೆ ನಡೆದದ್ದು ಇದಲ್ಲದೆ ಮತ್ತೇನು? ಐವತ್ತು ವರ್ಷ ಸಭೆಯೊಳಗೆ ಕುಳಿತು ಕೇಳಿದ ಸುವಾರ್ತೆಯನ್ನು ಸಭೆಯ ಹೊರಗಿನ ಒಬ್ಬಾಕೆ ಎರಡು ಮಾತಿನಲ್ಲಿ ಹೇಳಿ, ಬುಟ್ಟಿ ಎತ್ತಿಕೊಂಡು ಹೋದರು. ನಾವು ಐವರು ರಶೀದಿಯ ಹಾಳೆ ಹರಿದುಕೊಟ್ಟೆವು.

ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿದೆ. ಅದನ್ನು ಮೃದುಗೊಳಿಸದೆ ಬರೆಯುತ್ತೇನೆ: ಸಮಾಧಿಯ ಬಾಗಿಲಲ್ಲಿ ನಿಂತು ಬಾಕಿ ಕೇಳುವ ಸಭೆಯು ಪ್ರಸಂಗಪೀಠದಿಂದ ಕೃಪೆಯನ್ನು ಸಾರುವ ಹಕ್ಕನ್ನು ಕಳೆದುಕೊಳ್ಳುತ್ತದೆ. ಇದು ಲೆಕ್ಕಪತ್ರದ ಸಣ್ಣ ವಿಷಯವೆಂದು ಯಾರೂ ತಿಳಿಯಬಾರದು. ಇದು ನಮ್ಮ ವಿಶ್ವಾಸದ ಬುಡದ ಪ್ರಶ್ನೆ.

ನಾವು ಒಳಗೆ ಬಂದದ್ದು ಯಾವ ರಶೀದಿಯಿಂದ?

ನಮ್ಮ ಪರಂಪರೆ ಆರಂಭವಾದದ್ದೇ ಒಂದು ರಶೀದಿಯ ವಿರುದ್ಧದ ಜಗಳದಿಂದ ಎಂಬುದನ್ನು ನೆನಪಿಸಿಕೊಳ್ಳೋಣ. 1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರರು ತಮ್ಮ ತೊಂಬತ್ತೈದು ವಾದಗಳನ್ನು ಮುಂದಿಟ್ಟಾಗ ಅವರ ಕಣ್ಣೆದುರಿಗಿದ್ದುದು ಹಣ ಕೊಟ್ಟವರ ಕೈಗೆ ದೊರೆಯುತ್ತಿದ್ದ ಪಾಪದಂಡ ವಿನಾಯಿತಿಯ ಪತ್ರಗಳು. ಸತ್ತವರ ಹೆಸರಿನಲ್ಲಿಯೂ ಆ ಪತ್ರಗಳನ್ನು ಕೊಳ್ಳಬಹುದಾಗಿತ್ತು. ದೇವರ ಕ್ಷಮೆ ಮಾರಾಟದ ವಸ್ತುವಲ್ಲವೆಂದು ಆ ಸಂನ್ಯಾಸಿ ಹಟ ಹಿಡಿದದ್ದರಿಂದ ಯೂರೋಪಿನ ಸಭೆಯ ಚರಿತ್ರೆಯೇ ಬದಲಾಯಿತು. ಪ್ರತಿವರ್ಷ ಸುಧಾರಣಾ ದಿನದಂದು ನಾವು ಅವರನ್ನು ಹೊಗಳುತ್ತೇವೆ. ಮರುದಿನ ಸತ್ತವರ ಹೆಸರಿಗೆ ರಶೀದಿ ಬರೆಯಲು ಕುಳಿತರೆ ಆ ಹೊಗಳಿಕೆಗೆ ಅರ್ಥವೇನು?

ದೂರದ ಜರ್ಮನಿ ಬೇಡ, ನಮ್ಮ ನೆಲಕ್ಕೇ ಬರೋಣ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದರು. 1844ರ ಜನವರಿ 6ರಂದು ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಹೊಂದಿದಾಗ ಊರೇ ಕಲಕಿಹೋಯಿತು. ಮುಂದೆ ಅವರು ಬಾಸೆಲಿನಲ್ಲಿ ಕಲಿತು 1851ರಲ್ಲಿ ಗುರುದೀಕ್ಷೆ ಪಡೆದರು. ಆದರೆ ಕೌಂಡಿನ್ಯರಂಥವರು ಬೆರಳೆಣಿಕೆಯಷ್ಟು ಮಂದಿ. ನಮ್ಮ ಅಜ್ಜ ಮುತ್ತಜ್ಜಂದಿರಲ್ಲಿ ಬಹುಮಂದಿ ಬಿಲ್ಲವ ಸಮಾಜದಿಂದ, ಕಳ್ಳು ಇಳಿಸುವ ಕಸುಬಿನಿಂದ, ಇನ್ನೊಬ್ಬರ ಗದ್ದೆಯ ಗೇಣಿಯ ಬದುಕಿನಿಂದ ಬಂದವರು. ದೀಕ್ಷಾಸ್ನಾನವಾದ ದಿನವೇ ಅನೇಕರ ಪಾಲಿಗೆ ಬಂಧುಬಳಗ ಹೋಯಿತು, ಗುತ್ತಿನ ಆಶ್ರಯ ಹೋಯಿತು. ಹಳೆಯ ಕಸುಬಿಗೆ ಮರಳಲು ಮಿಶನ್ ಒಪ್ಪುತ್ತಿರಲಿಲ್ಲ. ಉಟ್ಟ ಬಟ್ಟೆಯಲ್ಲಿ ಬಂದ ಅವರಿಗಾಗಿ ಮಗ್ಗಗಳು ಹಾಕಲ್ಪಟ್ಟವು. 1865ರಲ್ಲಿ ಜೆಪ್ಪುವಿನಲ್ಲಿ, ಅನಂತರ ಮಲ್ಪೆಯಲ್ಲಿಯೂ ಹೆಂಚಿನ ಕಾರ್ಖಾನೆಗಳು ಎದ್ದವು. ಇಂದಿಗೂ ಕಾಪು, ಉಡುಪಿ, ಕಾರ್ಕಳಗಳ ಹಳೆಯ ಮನೆಗಳ ಮಾಡಿನಿಂದ ಹೆಂಚೊಂದನ್ನು ಇಳಿಸಿ ತಿರುವಿ ನೋಡಿದರೆ ಬಾಸೆಲ್ ಮಿಶನ್ನಿನ ಮುದ್ರೆ ಕಾಣಸಿಗುತ್ತದೆ.

ಆ ಮುತ್ತಜ್ಜಂದಿರ ಕೈಯಲ್ಲಿ ಯಾವ ರಶೀದಿಯಿತ್ತು? ಅವರು ಕಟ್ಟಿದ ವಂತಿಗೆ ಎಷ್ಟು? ಅವರು ತಂದದ್ದು ಹಸಿವನ್ನು, ಭಯವನ್ನು ಮತ್ತು ಒಂದಿಷ್ಟು ವಿಶ್ವಾಸವನ್ನು. ಮಿಶನರಿಗಳು ದೋಷರಹಿತರೆಂದು ನಾನು ಹೇಳುವುದಿಲ್ಲ. ಶಿಸ್ತಿನ ವಿಷಯದಲ್ಲಿ ಅವರೂ ಕಠಿಣರೇ, ಕೆಲವೊಮ್ಮೆ ಅತಿ ಕಠಿಣರೇ. ಆದರೆ ಬರಿಗೈಯಲ್ಲಿ ಬಂದವನನ್ನು ಬರಿಗೈಯೆಂಬ ಕಾರಣಕ್ಕಾಗಿ ಅವರು ಹೊರಗೆ ನಿಲ್ಲಿಸಿದ್ದರೆ, ಇಂದು ಸಭಾ ಸಮಿತಿಯ ಕುರ್ಚಿಯಲ್ಲಿ ಕುಳಿತಿರುವ ನಾವು ಯಾರೂ ಅಲ್ಲಿರುತ್ತಿರಲಿಲ್ಲ. ಬಾಕಿದಾರರ ಮೊಮ್ಮಕ್ಕಳು ಬಾಕಿದಾರರನ್ನು ಹೊರಗೆ ನಿಲ್ಲಿಸುವುದು ಚರಿತ್ರೆಯ ಮರೆವು ಮಾತ್ರವಲ್ಲ, ಕೃತಘ್ನತೆ.

ಸತ್ಯವೇದದ ಲೆಕ್ಕ

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯವನ್ನು ಮತ್ತೊಮ್ಮೆ ತೆರೆದು ನೋಡಿರಿ. ಹತ್ತು ಸಾವಿರ ತಲಾಂತುಗಳ ಸಾಲವನ್ನು ಅರಸನಿಂದ ಮನ್ನಾ ಮಾಡಿಸಿಕೊಂಡ ಸೇವಕನೊಬ್ಬ ಹೊರಗೆ ಬಂದು, ತನಗೆ ಚಿಲ್ಲರೆ ಹಣ ಕೊಡಬೇಕಾಗಿದ್ದ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ಆ ಜೊತೆಯವನ ಸಾಲ ಸುಳ್ಳಾಗಿರಲಿಲ್ಲ. ಕೇಳುವುದಕ್ಕೆ ಸೇವಕನಿಗೆ ಹಕ್ಕೂ ಇತ್ತು. ಆತನ ಅಪರಾಧ ಲೆಕ್ಕ ತಪ್ಪಿದ್ದಲ್ಲ, ತನಗೆ ಏನು ಮನ್ನಾ ಆಗಿದೆ ಎಂಬುದನ್ನು ಅರಮನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆತದ್ದು. ನಾವು ಕರ್ತನ ಭೋಜನದಿಂದ ಎದ್ದು ಸಮಿತಿಯ ಕೋಣೆಗೆ ಹೋಗುವ ದಾರಿ ಆ ಮೆಟ್ಟಿಲುಗಳಿಗಿಂತಲೂ ಚಿಕ್ಕದು.

ಇನ್ನು ಜಕ್ಕಾಯನನ್ನು ನೋಡಿರಿ. ಯೆರಿಕೋ ಪಟ್ಟಣಕ್ಕೆಲ್ಲ ಅವನ ಪಾಪ ಗೊತ್ತಿತ್ತು. ಅವನು ತನ್ನ ಲೆಕ್ಕವನ್ನು ಸರಿಪಡಿಸಿಕೊಂಡು ಬರಲೆಂದು ಸ್ವಾಮಿಯು ಕಾಯಲಿಲ್ಲ. ಮೊದಲು ಅವನ ಮನೆಗೆ ತಾನೇ ಹೋಗುವೆನೆಂದ. ನಾಲ್ಕರಷ್ಟು ಹಿಂದಿರುಗಿಸುವ ಮಾತು ಜಕ್ಕಾಯನ ಬಾಯಿಂದ ಬಂದದ್ದು ಆಮೇಲೆ. ಈ ಕ್ರಮವನ್ನು ಗಮನಿಸಿರಿ: ಮೊದಲು ಕೃಪೆ, ಅನಂತರ ಬದಲಾವಣೆ. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. "ಮೊದಲು ಸರಿಯಾಗಿ ಬಾ, ಆಮೇಲೆ ನೋಡೋಣ" ಎನ್ನುತ್ತೇವೆ.

ಸಮಾಧಿಯ ವಿಷಯದಲ್ಲಂತೂ ಸತ್ಯವೇದ ನಮ್ಮನ್ನು ನಾಚಿಸುತ್ತದೆ. ಯೂದನು ಎಸೆದುಹೋದ ಮೂವತ್ತು ಬೆಳ್ಳಿನಾಣ್ಯಗಳನ್ನು ಮುಖ್ಯಯಾಜಕರು ಏನು ಮಾಡಿದರೆಂಬುದು ನಿಮಗೆ ನೆನಪಿದೆಯೇ? ರಕ್ತದ ಬೆಲೆಯಾದ ಹಣವನ್ನು ಕಾಣಿಕೆಯ ಪೆಟ್ಟಿಗೆಗೆ ಸೇರಿಸಲು ಅವರಿಗೆ ಹೇಸಿಗೆಯಾಯಿತು. ಪರದೇಶಿಗಳನ್ನು ಹೂಣಿಡುವುದಕ್ಕಾಗಿ ಕುಂಬಾರನ ಹೊಲವೊಂದನ್ನು ಅದರಿಂದ ಕೊಂಡರು. ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಕೈಗಳೇ ಗೊತ್ತುಗುರಿಯಿಲ್ಲದೆ ಸತ್ತವನಿಗೊಂದು ಜಾಗ ಮಾಡಿಕೊಟ್ಟವು! ಆ ಯಾಜಕರನ್ನು ನಾವು ಪ್ರತಿ ಶುಭ ಶುಕ್ರವಾರ ಬಯ್ಯುತ್ತೇವೆ. ಸತ್ತವನ ವಿಷಯದಲ್ಲಿ ನಾವು ಅವರಿಗಿಂತಲೂ ಬಿಗಿಯಾಗಬಹುದೇ?

ಮತ್ತು ನಮ್ಮ ಕರ್ತನು? ಆತನಿಗೆ ಸ್ವಂತ ಸಮಾಧಿಯೇ ಇರಲಿಲ್ಲ. ಅರಿಮಥಾಯದ ಯೋಸೇಫನು ತನಗಾಗಿ ಬಂಡೆಯಲ್ಲಿ ಕೊರೆಯಿಸಿದ್ದ ಹೊಸ ಸಮಾಧಿಯನ್ನು ಬಿಟ್ಟುಕೊಟ್ಟದ್ದರಿಂದ, ಅಪರಾಧಿಯೆಂದು ಕೊಲ್ಲಲ್ಪಟ್ಟ ಆ ಶರೀರಕ್ಕೆ ಜಾಗ ದೊರೆಯಿತು. ಅಂದು ಯೋಸೇಫನು ಸಭೆಯ ಪುಸ್ತಕ ತೆರೆದಿದ್ದರೆ ಈಸ್ಟರಿನ ಬೆಳಿಗ್ಗೆ ಸ್ತ್ರೀಯರು ಯಾವ ಸಮಾಧಿಯ ಬಳಿಗೆ ಹೋಗಬೇಕಾಗಿತ್ತು?

ಎದುರುವಾದಗಳು

"ವಂತಿಗೆಯಿಲ್ಲದೆ ಸಭೆ ನಡೆಯುವುದು ಹೇಗೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಶನರಿಗಳು ಬಂಧಿತರಾದರು. ಮಿಶನ್ನಿನ ಕೈಗಾರಿಕೆಗಳು ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಅನಾಥವಾದ ಸಭೆಗಳು ತಮ್ಮ ಕಾಲಮೇಲೆ ನಿಲ್ಲಲೇಬೇಕಾಯಿತು. ನೇಕಾರರೂ ಹೆಂಚಿನ ಕೆಲಸಗಾರರೂ ತಮ್ಮ ಕೂಲಿಯಿಂದ ಕಾಸುಗಳನ್ನು ತೆಗೆದಿಟ್ಟು ಸಭಾಪಾಲಕರನ್ನು ಸಾಕಿದರು. ವಂತಿಗೆ ಎಂಬುದು ಆ ತ್ಯಾಗದ ಹೆಸರು. ಅದನ್ನು ಹಗುರವಾಗಿ ಮಾತನಾಡುವವನು ನಾನಲ್ಲ. ಕೊಡಬಲ್ಲವನು ಕೊಡದಿದ್ದರೆ ಅದು ತಪ್ಪೇ. ಆದರೆ ತ್ಯಾಗವಾಗಿ ಹುಟ್ಟಿದ್ದನ್ನು ಸುಂಕವಾಗಿ ಮಾರ್ಪಡಿಸಿದವರು ನಾವು. ಸುಂಕಕ್ಕೆ ಒಂದು ಕಟ್ಟೆ ಬೇಕು. ಜನರು ತಪ್ಪಿಸಿಕೊಳ್ಳಲಾಗದ ಜಾಗವನ್ನು ಅದಕ್ಕೆ ಆರಿಸಬೇಕು. ಮರಣಕ್ಕಿಂತ ತಪ್ಪಿಸಿಕೊಳ್ಳಲಾಗದ ಜಾಗ ಇನ್ನಾವುದು? ಅಲ್ಲಿಯೇ ನಮ್ಮ ಸುಂಕದ ಕಟ್ಟೆ ಎದ್ದು ನಿಂತಿದೆ.

ಹಣವಿಲ್ಲವೆಂಬ ಮಾತನ್ನು ನಾನು ಒಪ್ಪಲಾರೆ. ಸುಗ್ಗಿಯ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಸಾವಿರಾರು ರೂಪಾಯಿ ಕೂಗಿ ಚಪ್ಪಾಳೆ ಗಿಟ್ಟಿಸುವವರು ನಾವು. ಹಾಗೆ ಕೂಗಿದ್ದರಲ್ಲಿ ತಪ್ಪಿಲ್ಲ, ಅದು ಸಂತೋಷದ ಕಾಣಿಕೆ. ಆದರೆ ಆ ಹುಡುಗನ ಮನೆಯ ಬಾಕಿ ಒಂದು ಕುಂಬಳಕಾಯಿಯ ಹರಾಜಿಗಿಂತಲೂ ಕಡಿಮೆಯಿತ್ತು.

"ಹೀಗೆ ಬಿಟ್ಟುಕೊಟ್ಟರೆ ಕೃಪೆ ಅಗ್ಗವಾಗುವುದಿಲ್ಲವೇ?" ಎಂಬುದು ಎರಡನೆಯ ವಾದ. ಓದಿಕೊಂಡವರು ಇಲ್ಲಿ ಡೀಟ್ರಿಚ್ ಬಾನ್‌ಹಾಫರರ ಹೆಸರನ್ನು ಎತ್ತುತ್ತಾರೆ. ನಾಜಿ ಆಡಳಿತವನ್ನು ಎದುರಿಸಿ 1945ರ ಏಪ್ರಿಲ್ 9ರಂದು ಗಲ್ಲಿಗೇರಿದ ಆ ಸಭಾಪಾಲಕರು 1937ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅಗ್ಗದ ಕೃಪೆಯನ್ನು ಕಟುವಾಗಿ ಖಂಡಿಸಿದ್ದು ನಿಜ. ಆದರೆ ಅವರು ಖಂಡಿಸಿದ್ದು ಯಾರನ್ನು? ಕ್ರಿಸ್ತನನ್ನು ಹಿಂಬಾಲಿಸದೆಯೇ ಕ್ಷಮೆಯ ಸಮಾಧಾನವನ್ನು ಅನುಭವಿಸುತ್ತಿದ್ದ ನೆಮ್ಮದಿಯ ಸಭೆಯನ್ನು. ಹೆಣ ಹೂಣಿಡಲು ಜಾಗ ಕೇಳಿ ಬಂದ ವಿಧವೆಯನ್ನಲ್ಲ. ಕೃಪೆ ಬಿಟ್ಟಿಯೆಂದರೆ ಪಡೆಯುವವನಿಗೆ ಬಿಟ್ಟಿ. ಕೊಡುವವನಿಗೆ ಅದು ಪ್ರಾಣದ ಬೆಲೆ. ಮೀನು ಮಾರುವ ಆ ಹೆಂಗಸಿಗೆ ಅಂದಿನ ಕೃಪೆ ಅಗ್ಗವಾಗಿರಲಿಲ್ಲ. ಎಷ್ಟು ದಿನಗಳ ಲಾಭ ಹೋಯಿತೋ ಆಕೆಗೇ ಗೊತ್ತು. ಅಗ್ಗದ ಕೃಪೆ ಇದ್ದದ್ದು ಮೇಜಿನ ಈಚೆ, ಏನನ್ನೂ ಕಳೆದುಕೊಳ್ಳದೆ ಕುಳಿತಿದ್ದ ನಮ್ಮ ಬಳಿಯಲ್ಲಿ.

ಎರಡು ತೂಕದ ಕಲ್ಲು

ಮೂರನೆಯ ವಾದವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ಅಂಗಳದಲ್ಲಿ ಪಿಸುಗುಡುತ್ತಾರೆ. "ಎಷ್ಟಾದರೂ ಕುಡುಕನಲ್ಲವೇ?" ಸತ್ಯ ಹೇಳಬೇಕೆಂದರೆ ವಂತಿಗೆಯ ಪುಸ್ತಕದ ಹಿಂದೆ ಅಡಗಿದ್ದುದು ಈ ಮಾತೇ. ಬಾಕಿ ಒಂದು ನೆಪ. ನಾವು ಶಿಕ್ಷಿಸಿದ್ದು ಕುಡಿತವನ್ನು.

ಕುಡಿತ ಪಾಪವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಎಷ್ಟು ಮನೆಗಳ ಅನ್ನವನ್ನು ಕಸಿದಿದೆಯೆಂಬುದನ್ನು ಕಂಡಿದ್ದೇನೆ. ನಾನು ಕೇಳುವುದಿಷ್ಟೇ: ಉಳಿದ ಪಾಪಗಳ ಪುಸ್ತಕ ಎಲ್ಲಿದೆ? ವರದಕ್ಷಿಣೆಯನ್ನು 1961ರಲ್ಲಿಯೇ ಈ ದೇಶದ ಕಾನೂನು ನಿಷೇಧಿಸಿತು. ಆದರೂ ಮಗನ ಮದುವೆಯಲ್ಲಿ ಬೇರೆ ಬೇರೆ ಹೆಸರುಗಳಲ್ಲಿ ಅದನ್ನು ಎಣಿಸಿಕೊಂಡವರಿಗೆ ಸಭೆಯ ಮುಂದಿನ ಸಾಲಿನಲ್ಲಿ ಜಾಗವಿದೆ. ಕಷ್ಟದಲ್ಲಿದ್ದವನಿಗೆ ವಿಪರೀತ ಬಡ್ಡಿಗೆ ಸಾಲ ಕೊಟ್ಟವನಿಗೂ ಜಾಗವಿದೆ. ತಮ್ಮನ ಪಾಲಿನ ತೆಂಗಿನ ತೋಟವನ್ನು ಕಾಗದಪತ್ರದ ಚಾತುರ್ಯದಿಂದ ನುಂಗಿದವನು ಸುಗ್ಗಿಯ ಹಬ್ಬದಲ್ಲಿ ಅದೇ ತೋಟದ ಗೊನೆಯನ್ನು ತಂದು ಒಪ್ಪಿಸಿದರೆ ನಾವು ಸಂತೋಷದಿಂದ ಸ್ವೀಕರಿಸುತ್ತೇವೆ. ಇವರೆಲ್ಲರ ವಂತಿಗೆ ಸರಿಯಾಗಿದೆ. ಆದುದರಿಂದ ಇವರ ಪಾಪಕ್ಕೆ ಬಾಕಿಯಿಲ್ಲ!

ಕಾರ್ಕಳದ ಬಂಡೆಯ ಮೇಲೆ 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಆ ಕತೆ ಜೈನ ಬಂಧುಗಳದಾದರೂ ಅದರ ಪೆಟ್ಟು ನಮಗೂ ತಾಗಬೇಕು. ಅಣ್ಣ ಭರತನೊಂದಿಗೆ ಹೋರಾಡಿ ಗೆದ್ದ ಮೇಲೆ ಬಾಹುಬಲಿ ರಾಜ್ಯವನ್ನು ಅಣ್ಣನಿಗೇ ಬಿಟ್ಟು ಹೊರಟುಹೋದ. ಆ ಬೆಟ್ಟದ ಬುಡದ ರಸ್ತೆಯಲ್ಲಿಯೇ ಗಡಿಕಲ್ಲಿನ ದಾವೆಯ ಕಾಗದಗಳನ್ನು ಹಿಡಿದುಕೊಂಡು ನ್ಯಾಯಾಲಯಕ್ಕೆ ಹೋಗುವ ಅಣ್ಣತಮ್ಮಂದಿರಲ್ಲಿ ನಮ್ಮ ಸಭೆಗಳವರೂ ಇದ್ದಾರೆ. ಒಂದೇ ಪಾತ್ರೆಯಿಂದ ಕರ್ತನ ಭೋಜನ ತೆಗೆದುಕೊಂಡವರು ಅಂಗಳದಲ್ಲಿ ಮಾತು ಬಿಟ್ಟಿರುತ್ತಾರೆ. ಇದನ್ನು ಯಾವ ಖಜಾಂಚಿಯೂ ಬಾಕಿಯ ಪಟ್ಟಿಯಲ್ಲಿ ಬರೆಯುವುದಿಲ್ಲ.

ಎರಡು ಬಗೆಯ ತೂಕದ ಕಲ್ಲುಗಳು ದೇವರಿಗೆ ಅಸಹ್ಯವೆಂದು ಜ್ಞಾನೋಕ್ತಿಗಳು ಎಚ್ಚರಿಸುತ್ತವೆ. ಬಡವನ ಪಾಪಕ್ಕೆ ವಾಸನೆಯಿರುತ್ತದೆ, ಹತ್ತಿರ ಬಂದರೆ ಮೂಗಿಗೆ ಬಡಿಯುತ್ತದೆ. ಉಳ್ಳವನ ಪಾಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತದೆ. ಪ್ರವಾದಿಯಾದ ನಾತಾನನು ಒಂದು ಕುರಿಮರಿಯ ಕತೆ ಹೇಳಿದಾಗ ದಾವೀದನು ಕತೆಯೊಳಗಿನ ಪಾಪಿಯ ಮೇಲೆ ಸಿಟ್ಟಾದನೇ ಹೊರತು ಅದು ತನ್ನದೇ ಕತೆಯೆಂದು ಅರಿಯಲಿಲ್ಲ. ಇನ್ನೊಬ್ಬನ ಪಾಪವನ್ನು ಅಳೆಯುವಾಗ ನಮಗೆ ಬರುವ ಆ ಉತ್ಸಾಹವೇ ನಮ್ಮ ರೋಗದ ಲಕ್ಷಣ. ಕೃಪೆಯ ಅಗತ್ಯ ತನಗಿಲ್ಲವೆಂದು ತಿಳಿದವನು ಮಾತ್ರ ಅದನ್ನು ಇನ್ನೊಬ್ಬನಿಗೆ ಅಳೆದು ಕೊಡಬಲ್ಲ.

ಪ್ರೀತಿಗೆ ಕಾಲುಗಳಿವೆ

ವಿಶ್ವಾಸದಲ್ಲಿ ನಡೆಯುವುದೆಂಬ ಮಾತನ್ನು ನಾವು ಬಹಳ ಬಳಸುತ್ತೇವೆ. ನಡೆಯುವುದಕ್ಕೆ ಕಾಲು ಬೇಕು, ಕಾಲಿಗೆ ದಾರಿ ಬೇಕು. 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾ. ಈವಾ ಲೊಂಬಾರ್ಡ್ ಎಂಬ ವೈದ್ಯೆ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ನಾವು ಮಿಶನ್ ಆಸ್ಪತ್ರೆಯೆಂದೇ ಕರೆಯುವ ಆ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ 2023ರಲ್ಲಿ ನೂರು ವರ್ಷ ತುಂಬಿಸಿತು. ತನ್ನ ಊರಿನ ಹಿಮ ಬಿಟ್ಟು ನಮ್ಮ ಊರಿನ ಮಳೆಗೆ ಬಂದ ಆಕೆ, ಹೆರಿಗೆಯ ನೋವಿನಲ್ಲಿದ್ದ ತಾಯಂದಿರು ಯಾವ ಜಾತಿ, ಯಾವ ಸಭೆ ಎಂದು ಕೇಳಿ ಬಾಗಿಲು ತೆರೆದವರಲ್ಲ. ಉಡುಪಿಯ ಎಷ್ಟೋ ಮನೆಗಳಲ್ಲಿ ಇಂದಿಗೂ "ನಾನು ಹುಟ್ಟಿದ್ದು ಮಿಶನ್ ಆಸ್ಪತ್ರೆಯಲ್ಲಿ" ಎನ್ನುವವರಿದ್ದಾರೆ. ಆ ಮಾತಿನಲ್ಲಿ ಯಾವ ಪ್ರಸಂಗಕ್ಕೂ ಇಲ್ಲದ ಸಾಕ್ಷಿಯಿದೆ. ಹುಟ್ಟುವವರ ಬಾಗಿಲಲ್ಲಿ ನಮ್ಮ ಹಿರಿಯರು ಕೃಪೆಯನ್ನು ನಿಲ್ಲಿಸಿದರು. ಸಾಯುವವರ ಬಾಗಿಲಲ್ಲಿ ನಾವು ಖಜಾಂಚಿಯನ್ನು ನಿಲ್ಲಿಸಿದ್ದೇವೆ.

ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಮಣಿಪಾಲದ ಗುಡ್ಡವಿದೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದ ಬಳಿಕ ಅದು ನಾಡಿನ ನಾನಾ ಕಡೆಗಳ ರೋಗಿಗಳು ಬಂದು ಸೇರುವ ಊರಾಗಿದೆ. ಶಿವಮೊಗ್ಗೆಯಿಂದ, ಚಿಕ್ಕಮಗಳೂರಿನಿಂದ, ಉತ್ತರ ಕನ್ನಡದಿಂದ ಬಂದವರು ಅಲ್ಲಿ ವಾರಗಟ್ಟಲೆ ತಮ್ಮವರ ಹಾಸಿಗೆಯ ಬಳಿ ಕಾಯುತ್ತಾರೆ. ಅವರಿಗೆ ಊರಲ್ಲಿ ಪರಿಚಯದವರಿಲ್ಲ, ಮಾತನಾಡುವವರಿಲ್ಲ, ಒಂದು ಬುತ್ತಿ ತಂದುಕೊಡುವವರಿಲ್ಲ. ಮಣಿಪಾಲಕ್ಕೆ ಬಸ್ಸು ಹತ್ತುವ ನಮ್ಮ ವಿಶ್ವಾಸಿಗಳು ಎಷ್ಟು ಮಂದಿ? ತಮ್ಮ ಸಂಬಂಧಿಕರನ್ನು ನೋಡಲು ಹೋದವರನ್ನು ಎಣಿಸಬೇಡಿ. ಪರಿಚಯವಿಲ್ಲದವನೊಬ್ಬನ ಪಕ್ಕದಲ್ಲಿ ಹತ್ತು ನಿಮಿಷ ಕುಳಿತು ಬಂದವರನ್ನು ಎಣಿಸಿರಿ. ಅದಕ್ಕೆ ಸಮಿತಿಯ ಠರಾವು ಬೇಡ. ಒಂದು ಮಧ್ಯಾಹ್ನ ಸಾಕು.

ಬೇರೆಯವರಿಗೆ ಉಪದೇಶ ಮಾಡುತ್ತಿದ್ದೇನೆಂದು ತಿಳಿಯಬೇಡಿರಿ. ಆ ಹುಡುಗನ ಮನೆಗೂ ನನ್ನ ಮನೆಗೂ ಮುನ್ನೂರು ಹೆಜ್ಜೆಗಳ ದೂರ. ಅಷ್ಟು ದೂರ ನಡೆಯಲು ನನಗೆ ಹನ್ನೊಂದು ತಿಂಗಳು ಬೇಕಾಯಿತು. ಹೋದಾಗ ಅವನ ತಾಯಿ ವಂತಿಗೆಯ ಮಾತೆತ್ತಲಿಲ್ಲ; ಚಹಾ ಮಾಡಿಕೊಟ್ಟು, ಮಳೆ ಯಾವಾಗ ಹಿಡಿದೀತೆಂದು ಕೇಳಿದರು. ಪಕ್ಕದ ಮನೆಯಾಕೆಗೆ ಆ ದಿನದ ಹಣವನ್ನು ಹಿಂದಿರುಗಿಸಲು ಹೋದೆ. ಆಕೆ ಕೈಚಾಚಲಿಲ್ಲ. "ನಾನು ಕೊಟ್ಟದ್ದು ನಿಮಗಲ್ಲವಲ್ಲ" ಎಂದರು. ಆಕೆಯ ಮಾತಿನಲ್ಲಿ ಚುಚ್ಚು ಇರಲಿಲ್ಲ. ಆದರೂ ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ. ಕೃಪೆಯನ್ನು ಹಿಂದಿರುಗಿಸಲಾಗದು ಎಂದು ಪ್ರಸಂಗಗಳಲ್ಲಿ ಕೇಳಿದ್ದೆ. ಅದರ ಅನುಭವವಾದದ್ದು ಅಂದು.

ನಾವು ಮಾಡಬೇಕಾದದ್ದು

ಖಂಡಿಸಿ ಸುಮ್ಮನಾಗುವುದು ಸುಲಭ. ಆದುದರಿಂದ ಸಭಾ ಸಮಿತಿಗಳಲ್ಲಿರುವ ಸಹೋದರ ಸಹೋದರಿಯರ ಮುಂದೆ ನಾಲ್ಕು ಬೇಡಿಕೆಗಳನ್ನಿಡುತ್ತೇನೆ.

ಮರಣದ ಸುದ್ದಿ ಬಂದ ಗಳಿಗೆಯಿಂದ ಸಮಾಧಿಗೆ ಮಣ್ಣು ಬೀಳುವವರೆಗೆ ವಂತಿಗೆಯ ಪುಸ್ತಕ ಬೀಗದೊಳಗಿರಲಿ. ಇದನ್ನು ಯಾರ ದಯೆಗೂ ಬಿಡದೆ ವಾರ್ಷಿಕ ಮಹಾಸಭೆಯಲ್ಲಿ ಠರಾವು ಮಾಡಿ ಬರೆದಿಡಿರಿ.

ಯಾರಾದರೂ ಮೂರು ತಿಂಗಳು ವಂತಿಗೆ ಕೊಡದಿದ್ದರೆ ಅವರ ಹೆಸರನ್ನು ಸೂಚನಾಫಲಕಕ್ಕೆ ಹಾಕುವ ಬದಲು ಇಬ್ಬರು ಹಿರಿಯರು ಅವರ ಮನೆಗೆ ಹೋಗಲಿ. ವಸೂಲಿಗಾಗಿ ಅಲ್ಲ, ಒಲೆ ಉರಿಯುತ್ತಿದೆಯೇ ಎಂದು ನೋಡುವುದಕ್ಕೆ. ಕುಡಿತವಿದ್ದರೆ ಅದರಿಂದ ಬಿಡಿಸುವ ದಾರಿಯನ್ನು ಆತ ಬದುಕಿರುವಾಗಲೇ ಹುಡುಕಲಿ. ಸತ್ತ ಮೇಲೆ ಕಲಿಸುವ ಶಿಸ್ತಿನಿಂದ ಯಾರಿಗೆ ಪ್ರಯೋಜನ?

ಸುಗ್ಗಿಯ ಹಬ್ಬದ ಆದಾಯದಲ್ಲಿ ಒಂದು ಪಾಲನ್ನು ಬಾಕಿ ತೀರಿಸಲಾರದವರ ಹೆಸರಿಗೆ ಮೀಸಲಿಡಿರಿ. ಕೊಟ್ಟವರ ಹೆಸರು ಎಲ್ಲಿಯೂ ಬರುವುದು ಬೇಡ. ರಶೀದಿ ಬಾಕಿದಾರನ ಹೆಸರಿಗೇ ಬರೆಯಲ್ಪಡಲಿ. ಹಾಗೆ ಬರೆಯಲು ನಮಗೆ ಕಲಿಸಿದಾಕೆ ಈಗಲೂ ಮೀನು ಮಾರುತ್ತಿದ್ದಾರೆ.

ಕೊನೆಯದಾಗಿ, ಕೊಡಬಲ್ಲವರೇ, ನೀವು ತಪ್ಪದೆ ಕೊಡಿರಿ, ಹೆಚ್ಚಾಗಿಯೇ ಕೊಡಿರಿ. ಕೃಪೆಯನ್ನು ಅರಿತವನ ಕೈ ಬಿಗಿಯಾಗಿರದು. ಬಡವನಿಗೆ ಬಾಗಿಲು ತೆರೆದಿಡಬೇಕೆಂದು ವಾದಿಸುವವನು ತನ್ನ ಕಾಣಿಕೆಯನ್ನು ಕಡಿಮೆ ಮಾಡಿದರೆ ಅವನ ವಾದಕ್ಕೆ ಬೆಲೆಯಿಲ್ಲ. ಈ ಮಾತನ್ನು ನನಗೂ ಹೇಳಿಕೊಂಡಿದ್ದೇನೆ.

ಪ್ರಿಯ ಓದುಗರೇ, ಕಾಪುವಿನ ಕಡಲ ಬಂಡೆಯ ಮೇಲೆ 1901ರಿಂದ ದೀಪಸ್ತಂಭವೊಂದು ನಿಂತಿದೆ. ಆ ಮೃತ ಸಹೋದರನು ಎಷ್ಟೋ ಇರುಳುಗಳಲ್ಲಿ ಅದರ ಬೆಳಕನ್ನು ನೋಡಿ ದಡದ ಗುರುತು ಹಿಡಿದಿರಬೇಕು. ಆ ಬೆಳಕು ತಿರುಗಿ ಬರುವಾಗ ದೋಣಿ ಯಾರದು, ಅದರಲ್ಲಿರುವವನು ಕುಡಿದಿದ್ದಾನೋ ಪ್ರಾರ್ಥಿಸುತ್ತಿದ್ದಾನೋ ಎಂದು ವಿಚಾರಿಸುವುದಿಲ್ಲ. ದಾರಿ ತೋರಿಸುತ್ತದೆ, ಅಷ್ಟೇ. ದೀಪಕ್ಕೂ ಅದನ್ನು ಕಾಯುವವನಿಗೂ ಖರ್ಚಿದೆ.  ಕಡಲಲ್ಲಿ ತತ್ತರಿಸುವವನಿಂದ ಅದನ್ನು ವಸೂಲು ಮಾಡಿದ ಮೇಲೆ ದೀಪ ಹಚ್ಚುವೆನೆಂದು ಯಾರೂ ಹೇಳುವುದಿಲ್ಲ.

ನಾವು ದಡ ಸೇರಿದವರು. ನಮ್ಮ ಬಾಕಿಯನ್ನು ಇನ್ನೊಬ್ಬನು ತೆತ್ತು, ರಶೀದಿಯನ್ನು ನಮ್ಮ ಹೆಸರಿಗೆ ಬರೆಯಿಸಿದ್ದಾನೆ. ಮುಂದಿನ ಬಾರಿ ಮಳೆಯಲ್ಲಿ ನೆನೆದುಕೊಂಡು ಹುಡುಗನೊಬ್ಬ ಸಮಿತಿಯ ಬಾಗಿಲಿಗೆ ಬಂದಾಗ ನಾವು ಮೊದಲು ಎದ್ದು ನಿಲ್ಲೋಣ, ಅವನ ಹೆಗಲ ಮೇಲೆ ಕೈಯಿಡೋಣ, ಸಮಾಧಿ ತೋಡುವವರಿಗೆ ಹೇಳಿಕಳುಹಿಸೋಣ. ಪುಸ್ತಕ ಮುಚ್ಚಿಯೇ ಇರಲಿ.